ಅಪ್‌ಡೇಟ್: ಡೈಕಿರಿ ನೀರಾಗೋ ಸಮಸ್ಯೆ ಬಗೆಹರೀತು

ಗೆಳೆಯರು ಸೇರಿದಾಗ ಮನೆಯಲ್ಲಿ ಮಾಡೋ ಡೈಕಿರಿ (ರಮ್, ನಿಂಬೆರಸ, ಸಕ್ಕರೆ ಪಾಕದ ಕಾಕ್‌ಟೇಲ್) ನೀರುನೀರಾಗುತ್ತೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಈಗ ಸರಿಹೋಗಿದೆ. ಕೈಹಿಡಿದಿದ್ದು "ಬಕೆಟ್‌ನಲ್ಲಿ ಕೂತು ಕರಗ್ತಿರೋ ಐಸ್ ಬೇಡ, ಫ್ರೀಜರ್‌ನಿಂದ ತೆಗೆದ ತಕ್ಷಣ ಶೇಕರ್ ತುಂಬ ಹಾಕಿ" ಅನ್ನೋ ಸಲಹೆ. ಒದ್ದೆ ಐಸ್‌ಗೆ ಅಂಟಿದ ನೀರೇ ನೇರವಾಗಿ ಡ್ರಿಂಕ್‌ಗೆ ಸೇರ್ತಿತ್ತು. ಈಗ 60 ಎಂಎಲ್ ಬಿಳಿ ರಮ್, 30 ಎಂಎಲ್ ನಿಂಬೆರಸ, 20 ಎಂಎಲ್ ಸಕ್ಕರೆ ಪಾಕ. ಶೇಕರ್ ಹೊರಮೈ ಮಂಜುಗಟ್ಟಿ ಬೆರಳು ಜುಮ್ಮೆನ್ನೋವರೆಗೆ, ಸುಮಾರು 12 ಸೆಕೆಂಡ್, ಜೋರಾಗಿ ಕುಲುಕಿ ಸೋಸ್ತೀನಿ.

ಐಸ್ ಕಡಿಮೆ ಹಾಕಿ ಅಂದಿದ್ದು ಉಪಯೋಗಕ್ಕೆ ಬರಲಿಲ್ಲ, ಬೇಗ ಕರಗಿ ಇನ್ನಷ್ಟು ನೀರಾಯ್ತು. ರಮ್ ಫ್ರೀಜರ್‌ನಲ್ಲಿಟ್ಟು ಐಸೇ ಇಲ್ಲದೆ ಬೆರೆಸಿದ್ದಂತೂ ಗಂಟಲು ಸುಡ್ತು. ನನಗೆ ಆಶ್ಚರ್ಯ ಆಗಿದ್ದು ಇದೇ: ಸ್ವಲ್ಪ ನೀರು ಸೇರಲೇಬೇಕು, ಆಗಲೇ ಹುಳಿ-ಸಿಹಿ ಎರಡೂ ನಾಲಗೆಗೆ ಹದವಾಗಿ ಸಿಗೋದು.

ಕುಡಿಯದ ಗೆಳತಿಗೂ ಅದೇ ಥರದ ಗ್ಲಾಸ್‌ನಲ್ಲಿ ನಿಂಬೆರಸ, ಪಾಕ, ಸೋಡಾ ಬೆರೆಸಿ ಕೊಡಿ ಅಂದವರಿಗೆ ವಿಶೇಷ ಥ್ಯಾಂಕ್ಸ್. ಚಿಯರ್ಸ್ ಹೇಳುವಾಗ "ಒಂದೇ ಗುಟುಕು, ಏನಾಗಲ್ಲ" ಅಂತ ಈ ಸಲ ಯಾರೂ ಅವಳನ್ನ ಒತ್ತಾಯ ಮಾಡಲಿಲ್ಲ. ಅವಳೇ ಇನ್ನೊಂದು ಗ್ಲಾಸ್ ಕೇಳಿ ಹಾಕಿಸಿಕೊಂಡಳು.