ಹಳೆಯ ಮೋಟಾರು ದೋಣಿಗೆ ಸ್ಪೀಡೋಮೀಟರ್: ಡ್ರಿಲ್ ಹಿಡಿಯುವ ಮೊದಲು

ಪ್ರಶ್ನೆ (ಕಾಫಿ ಬೆಳೆಗಾರರು, ಕುಶಾಲನಗರದ ಸಮೀಪ):
ನಮಸ್ಕಾರ ಸರ್. ತಂದೆಯವರು ಇಪ್ಪತ್ತೈದು ವರ್ಷಗಳ ಹಿಂದೆ ಕೊಂಡ ಹದಿನಾಲ್ಕು ಅಡಿಯ ಫೈಬರ್ ದೋಣಿ ನಮ್ಮಲ್ಲಿದೆ. 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ. ಅನುಮತಿ ಪಡೆದು ಹಾರಂಗಿ ಹಿನ್ನೀರಿನಲ್ಲಿ ಓಡಿಸುತ್ತೇವೆ. ಈಚೆಗೆ ಪ್ರೊಪೆಲ್ಲರ್ ಬದಲಿಸಿದೆ. ದೋಣಿ ಚುರುಕಾಯಿತೆಂದು ಮಗ, ಮಂದವಾಯಿತೆಂದು ತಮ್ಮ ವಾದ ಮಾಡುತ್ತಾರೆ. ನೋಡೋಣವೆಂದರೆ ಸ್ಪೀಡೋಮೀಟರ್ ಇಲ್ಲ. ದೋಣಿಯ ಹಿಂಬದಿಗೆ ಕೊಳವೆ ಕೂರಿಸುವ ಮೀಟರ್ ಹಾಕಿಸಲೇ, ಜಿಪಿಎಸ್ ಮೀಟರ್ ಕೊಳ್ಳಲೇ?

ಉತ್ತರ (ದೋಣಿ ಎಂಜಿನ್ ಮೆಕ್ಯಾನಿಕ್):
ದಯವಿಟ್ಟು ಹಿಂಬದಿಗೆ ಈಗಲೇ ಡ್ರಿಲ್ ಹಚ್ಚಬೇಡಿ. ಆ ಕಾಲದ ಫೈಬರ್ ದೋಣಿಗಳಲ್ಲಿ ಎಂಜಿನ್ ಕೂರುವ ಹಿಂಗೋಡೆಯ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ನೀರಿನ ಮಟ್ಟದ ಕೆಳಗೆ ಕೊರೆದ ಸ್ಕ್ರೂ ತೂತನ್ನು ಸರಿಯಾಗಿ ಮುಚ್ಚದಿದ್ದರೆ ತೇವ ಒಳಗಿಳಿದು, ಹೊರಗೆ ಏನೂ ಕಾಣದಂತೆ ಮರ ಕೊಳೆಯುತ್ತದೆ. ಎಂಜಿನ್ನಿನ ಪೂರ್ತಿ ಭಾರ ಮತ್ತು ನೂಕು ಹೊರುವುದು ಅದೇ ಹಲಗೆ. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ: ಗಟ್ಟಿ ಇದ್ದರೆ ಟಣ್ ಎನ್ನುತ್ತದೆ, ಕೊಳೆತಿದ್ದರೆ ಸದ್ದು ಮಂಕಾಗಿ ಸತ್ತುಹೋಗುತ್ತದೆ. ಸ್ಪೀಡೋಮೀಟರ್ ಹಾಕಿಸದಿದ್ದರೂ ಈ ಪರೀಕ್ಷೆಯನ್ನು ಇಂದೇ ಮಾಡಿ.

ಇನ್ನೊಂದು ವಿಷಯ. ಈ ಅಳತೆಯ ಹಲವು ಔಟ್‌ಬೋರ್ಡ್‌ಗಳಲ್ಲಿ ಪ್ರೊಪೆಲ್ಲರ್ ಇರುವ ಕೆಳಗಿನ ಗೇರ್ ಕವಚದ ಮುಂಭಾಗದ ಅಂಚಿನಲ್ಲಿ ಸಣ್ಣ ತೂತೊಂದು ಇರುತ್ತದೆ. ಅಲ್ಲಿಂದ ಕೊಳವೆ ಮೇಲೆ ಬಂದು ಎಂಜಿನ್ ಹೊದಿಕೆಯ ಬಳಿ ಮುಗಿಯುತ್ತದೆ, ತುದಿಗೆ ಮುಚ್ಚಳ ಹಾಕಿರುತ್ತಾರೆ. ನಿಮ್ಮ ಎಂಜಿನ್ನಿನಲ್ಲಿ ಅದು ಇದ್ದರೆ ಅಲ್ಲಿಂದ ಮೀಟರಿಗೆ ಒಂದು ಪೈಪ್ ಎಳೆದರೆ ಸಾಕು. ದೋಣಿಯ ತಳಕ್ಕೆ ಕೈ ಹಚ್ಚಬೇಕಾಗಿಲ್ಲ.

ಇದು ಪಿಟೋ ಕೊಳವೆ. ಆನ್ರಿ ಪಿಟೋ ಎಂಬ ಫ್ರೆಂಚ್ ಎಂಜಿನಿಯರ್ ನದಿಯ ಹರಿವನ್ನು ಅಳೆಯಲೆಂದೇ 1732ರಲ್ಲಿ ಕಂಡುಹಿಡಿದದ್ದು. ಮುಂದಿನಿಂದ ನುಗ್ಗುವ ನೀರು ಕೊಳವೆಯೊಳಗಿನ ಗಾಳಿಯನ್ನು ಒತ್ತುತ್ತದೆ, ಮೀಟರ್ ಆ ಒತ್ತಡವನ್ನು ವೇಗವಾಗಿ ತೋರಿಸುತ್ತದೆ. ಅದರ ಕೊರತೆಯೂ ಇಲ್ಲೇ ಇದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ: ಗಂಟೆಗೆ 40 ಕಿ.ಮೀ. ವೇಗದಲ್ಲಿ ಸುಮಾರು 0.6 ಬಾರ್ ಇದ್ದದ್ದು 20 ಕಿ.ಮೀ.ನಲ್ಲಿ 0.15 ಬಾರ್‌ಗೆ ಇಳಿಯುತ್ತದೆ, 10ರಲ್ಲಿ ಇಲ್ಲವೆನ್ನುವಷ್ಟು. ಹಾಗಾಗಿ ನಿಧಾನವಾಗಿ ಹೋಗುವಾಗ ಮುಳ್ಳನ್ನು ನಂಬುವಂತಿಲ್ಲ. ಗಂಟೆಗೆ 100 ಕಿ.ಮೀ. ವರೆಗೆ ಗುರುತಿರುವ ಮೀಟರ್ ಅಂದವಾಗಿದೆಯೆಂದು ಕೊಳ್ಳಬೇಡಿ. ನಿಮ್ಮ ದೋಣಿಗೆ ಅದರ ಮುಳ್ಳು ಕೆಳಗಿನ ಮೂಲೆ ಬಿಟ್ಟು ಏಳುವುದೇ ಇಲ್ಲ.

ಹಾರಂಗಿಯ ನಿಂತ ನೀರಿಗೆ ನನ್ನ ಆಯ್ಕೆ ಜಿಪಿಎಸ್ ಮೀಟರ್. ಡ್ಯಾಶ್‌ಬೋರ್ಡಿನಲ್ಲಿ 85 ಮಿ.ಮೀ. ಅಳತೆಯದು ಸುಲಭವಾಗಿ ಕೂರುತ್ತದೆ. ಧನ ತಂತಿಯನ್ನು ಬ್ಯಾಟರಿಗೆ ನೇರವಾಗಿ ಕೊಡದೆ ಕೀಲಿಯ ಸ್ವಿಚ್‌ನಿಂದ ಎಳೆಯಿರಿ, ನಡುವೆ ಮೀಟರಿನ ಕೈಪಿಡಿ ಹೇಳುವಷ್ಟೇ ಆಂಪಿಯರಿನ ಫ್ಯೂಸ್ ಇರಲಿ. ಆಂಟೆನಾಗೆ ಆಕಾಶ ಕಾಣಬೇಕು. ಫೈಬರ್ ಅಡ್ಡ ಬಂದರೆ ತೊಂದರೆಯಿಲ್ಲ, ಅಲ್ಯೂಮಿನಿಯಂ ತಗಡಿನ ಚಾವಣಿ ಬೇಡ.

ತಮ್ಮ–ಮಗನ ವಾದಕ್ಕೆ ಸದ್ಯ ಮೊಬೈಲಿನ ಜಿಪಿಎಸ್ ಸಾಕು. ಹಳೆಯ ಪ್ರೊಪೆಲ್ಲರ್ ಇನ್ನೂ ಇದ್ದರೆ ಅದನ್ನೂ ಹಾಕಿ ನೋಡಿ. ಅಷ್ಟೇ ಜನ, ಅಷ್ಟೇ ಪೆಟ್ರೋಲ್; ಗಾಳಿಗೆ ಎದುರಾಗಿ ಒಮ್ಮೆ, ಗಾಳಿಯ ಜೊತೆಗೆ ಒಮ್ಮೆ ಓಡಿಸಿ ಸರಾಸರಿ ತೆಗೆಯಿರಿ. ಆದರೆ ಪ್ರೊಪೆಲ್ಲರ್ ಸರಿಯೋ ತಪ್ಪೋ ಎಂದು ನಿಜವಾಗಿ ಹೇಳುವುದು ಎಂಜಿನ್ನಿನ ಸುತ್ತು ಎಣಿಸುವ ಟ್ಯಾಕೋಮೀಟರ್. ಪೂರ್ತಿ ವೇಗ ಕೊಟ್ಟಾಗ ಸುತ್ತುಗಳು ತಯಾರಕರು ಹೇಳಿದ ಮಿತಿಯೊಳಗೆ ಇರಬೇಕು. ಎರಡರಲ್ಲಿ ಒಂದಕ್ಕೇ ಹಣವಿದ್ದರೆ ನಾನು ಅದನ್ನೇ ಕೊಳ್ಳುತ್ತೇನೆ.

ಮತ್ತೊಬ್ಬರ ಪ್ರಶ್ನೆ (ದುಬಾರೆ ಕಡೆಯವರು):
ಅಣ್ಣ, ನಮ್ಮದು ಕಾವೇರಿ ಹೊಳೆಯಲ್ಲಿ ಓಡುವ ಸಣ್ಣ ದೋಣಿ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಎಂಜಿನ್, ಬ್ಯಾಟರಿ ಇಲ್ಲ. ನಮಗೂ ಜಿಪಿಎಸ್ ಸರಿಯೇ?

ಉತ್ತರ:
ಹೊಳೆಯ ಲೆಕ್ಕ ಬೇರೆ. ಜಿಪಿಎಸ್ ತೋರಿಸುವುದು ದಡಕ್ಕೆ ಹೋಲಿಸಿದ ವೇಗ, ಪಿಟೋ ತೋರಿಸುವುದು ನೀರಿಗೆ ಹೋಲಿಸಿದ ವೇಗ. ಹರಿವು ಗಂಟೆಗೆ 5 ಕಿ.ಮೀ. ಇದ್ದು ದೋಣಿ ನೀರಿನಲ್ಲಿ 15ರಂತೆ ಹೋಗುತ್ತಿದ್ದರೆ, ಜಿಪಿಎಸ್ ಕೆಳಮುಖವಾಗಿ 20, ಮೇಲ್ಮುಖವಾಗಿ 10 ತೋರಿಸುತ್ತದೆ. ಬಂಡೆಗೆ ಬಡಿದಾಗ ಲೆಕ್ಕಕ್ಕೆ ಬರುವುದು ಆ 20. ಆದ್ದರಿಂದ ನಿಮಗೂ ಜಿಪಿಎಸ್ ಒಳ್ಳೆಯದೇ. ಬ್ಯಾಟರಿಯಿಂದ ನಡೆಯುವ, ನೀರು ತಾಗದ ಸಣ್ಣ ಕೈ ಜಿಪಿಎಸ್ ಇಟ್ಟುಕೊಳ್ಳಿ. ಪಿಟೋಗೆ ವಿದ್ಯುತ್ ಬೇಡ ನಿಜ, ಆದರೆ ನಿಮ್ಮ ವೇಗಕ್ಕೆ ಅದು ಮಂದ, ಮಳೆಗಾಲದ ಕೆಂಪು ನೀರಿನಲ್ಲಿ ತೂತು ಕಟ್ಟಿಕೊಳ್ಳುತ್ತದೆ.

ಮೊದಲ ಪ್ರಶ್ನೆ ಕೇಳಿದವರು:
ಸರ್, ಹಲಗೆ ತಟ್ಟಿ ನೋಡಿದೆ, ಎಲ್ಲೆಡೆ ಗಟ್ಟಿ ಸದ್ದು. ನೀವು ಹೇಳಿದ ತೂತೂ ಸಿಕ್ಕಿತು! ಆದರೆ ದೋಣಿ ಮಳೆಗಾಲವಿಡೀ ಕಣದ ಪಕ್ಕದ ಶೆಡ್ಡಿನಲ್ಲಿತ್ತು, ಕುಂಬಾರ ಹುಳು ಮಣ್ಣು ತುಂಬಿ ತೂತು ಮುಚ್ಚಿಬಿಟ್ಟಿದೆ. ಗಾಳಿ ಹೊಡೆಯಲೇ?

ಉತ್ತರ:
ಬಹಳ ಸಂತೋಷ. ಮೊದಲು ನೀರು ಹಾಕಿ ಮಣ್ಣು ನೆನೆಯಲು ಬಿಡಿ, ಆಮೇಲೆ ಸಣ್ಣ ತಂತಿಯನ್ನು ಕೈಯಿಂದಲೇ ತಿರುಗಿಸಿ ಬಿಡಿಸಿ. ಗಾಳಿಯನ್ನು ಮೇಲಿನ ತುದಿಯಿಂದ ಕೆಳಕ್ಕೆ ಹೊಡೆಯಿರಿ, ಆಗ ಮಣ್ಣು ಬಂದ ದಾರಿಯಲ್ಲೇ ಹೊರಬೀಳುತ್ತದೆ. ಮುಂದೆ ಮೀಟರ್ ಜೋಡಿಸಿದ ಮೇಲೆ ಇದೇ ಕೆಲಸ ಬಂದರೆ ಪೈಪನ್ನು ಮೀಟರಿನಿಂದ ಕಳಚಿಯೇ ಗಾಳಿ ಹೊಡೆಯಬೇಕು; ಒಂದೇ ಊದಿಗೆ ಒಳಗಿನ ಸೂಕ್ಷ್ಮ ಕೊಳವೆ ಹಾಳಾಗುತ್ತದೆ. ದೋಣಿಯನ್ನು ಮತ್ತೆ ಶೆಡ್ಡಿಗೆ ಸೇರಿಸುವಾಗ ಆ ತೂತಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿ, ನೀರಿಗೆ ಇಳಿಸುವ ದಿನ ಕೀಳಿರಿ.