ಅಪ್‌ಡೇಟ್: ಅಮ್ಮನ ಜೊತೆ ಮಡೇರಾಗೆ ಹೋಗಿ ಬಂದೆವು

ಅಮ್ಮನನ್ನು ಕರೆದುಕೊಂಡು ಪೋರ್ಚುಗಲ್‌ನ ಮಡೇರಾ ದ್ವೀಪಕ್ಕೆ ಹೋಗಬಹುದಾ, ಬೆಟ್ಟದ ನಡಿಗೆ ಅವರಿಗೆ ಆಗುತ್ತಾ, ದುಬಾರಿ ಹೋಟೆಲ್‌ಗೆ ದುಡ್ಡು ಹಾಕಬೇಕಾ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಹೋಗಿ ಬಂದೆವು, ಬಹಳ ಖುಷಿಯಾಯಿತು.

ನಡಿಗೆ ಖಂಡಿತ ಆಗುತ್ತದೆ. ಅಲ್ಲಿ ಲೆವಾಡಾ ಅಂತ ನೀರಿನ ಕಾಲುವೆಗಳಿವೆ. ಮಳೆ ಜಾಸ್ತಿ ಬೀಳುವ ಉತ್ತರದಿಂದ ಒಣಗಿದ ದಕ್ಷಿಣದ ಹೊಲಗಳಿಗೆ ನೀರು ತರಲು ಕಟ್ಟಿದ್ದು. ನೀರು ನಿಧಾನ ಹರಿಯಬೇಕಲ್ವಾ, ಹಾಗಾಗಿ ಪಕ್ಕದ ದಾರಿಯಲ್ಲಿ ಏರು ತುಂಬಾ ಕಡಿಮೆ. ಅಮ್ಮ ಅಡಿಕೆ ತೋಟದಲ್ಲಿ ಬೆಳೆದವರು. ಕಾಲುವೆಯ ತಿರುವು, ತೂಬು ಎಲ್ಲ ನಿಂತು ನಿಂತು ನೋಡಿದರು. ರಿಬೇರೊ ಫ್ರಿಯೋ ಎಂಬ ಊರಿನಿಂದ ಕಣಿವೆ ನೋಡುವ ಜಾಗವಾದ ಬಾಲ್ಕೋಯಿಸ್‌ವರೆಗಿನ ದಾರಿ ಹಿರಿಯರಿಗೆ ಹೇಳಿ ಮಾಡಿಸಿದ್ದು. ಸುತ್ತಲೂ ಲಾರೆಲ್ ಕಾಡು. 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಾಡು ಅದು. ಕಾಲ್ಡೆರಾವೊ ವೆರ್ಡೆ ಎಂಬ ಜಲಪಾತಕ್ಕೆ ಹೋಗುವ ಲೆವಾಡಾ ದಾರಿಯಲ್ಲಿ ನಾನೊಬ್ಬಳೇ ಹೋದೆ. ಸುರಂಗಗಳಿವೆ, ಟಾರ್ಚ್ ಬೇಕೇ ಬೇಕು. ಕೆಲವು ಕಡೆ ಪಕ್ಕದಲ್ಲೇ ಪ್ರಪಾತ. ತಲೆಸುತ್ತು ಬರುವವರು ಬೇಡ.

1,818 ಮೀಟರ್ ಎತ್ತರದ ಪಿಕೊ ದೊ ಅರಿಯೇರೊ ಶಿಖರಕ್ಕೆ ಕಾರಿನಲ್ಲೇ ಹೋಗಬಹುದು. ಸ್ವೆಟರ್ ಮರೆಯಬೇಡಿ.

ಹೋಟೆಲ್ ವಿಷಯ: ಮಡೇರಾದ ರಾಜಧಾನಿ ಫುಂಶಾಲ್‌ನಲ್ಲಿ ಸಾಧಾರಣ ರೂಮ್ ಹಿಡಿದೆವು. 1891ರಲ್ಲಿ ಶುರುವಾದ ದುಬಾರಿ ಹೋಟೆಲ್ ರೀಡ್ಸ್ ಪ್ಯಾಲೇಸ್‌ಗೆ ಸಂಜೆಯ ಚಹಾಕ್ಕೆ ಮಾತ್ರ ಹೋದೆವು. ಬಂಡೆಯ ಮೇಲಿನ ವರಾಂಡಾ, ಕೆಳಗೆ ಸಮುದ್ರ. ಕಾಡು ಸುತ್ತಲು ಹೋಗುವವರಿಗೆ ನನ್ನ ಪ್ರಕಾರ ಅಷ್ಟು ಸಾಕು. ಹೊರಡುವ ಮುಂಚೆ ದಾರಿ ತೆರೆದಿದೆಯಾ, ಶುಲ್ಕ ಎಷ್ಟು ಅಂತ ನೋಡಿಕೊಳ್ಳಿ. ಮಳೆ ಬಂದರೆ ಮುಚ್ಚುತ್ತಾರೆ.