ನೋರ್ಡಾಲ್ ಕೊಮ್ಯೂನೆ ನಕಾಶೆಯಿಂದ ಹೋದದ್ದು ಯಾವಾಗ?

ನೀಲಿಮಸಿ:
ನನ್ನ ಅತ್ತೆ ನಾರ್ವೆಯವರು. ಅವರ ಅಜ್ಜಿ ಹುಟ್ಟಿದ್ದು ಟಾಫಿಯೋರ್ಡ್ ಎಂಬ ಹಳ್ಳಿಯಲ್ಲಿ. 1910ರ ಜನಗಣತಿಯಲ್ಲಿ ಆ ಹಳ್ಳಿ ನೋರ್ಡಾಲ್ ಕೊಮ್ಯೂನೆಗೆ (ಕೊಮ್ಯೂನೆ ಎಂದರೆ ಅಲ್ಲಿನ ಸ್ಥಳೀಯ ಆಡಳಿತ ಘಟಕ) ಸೇರಿದೆ. ಇಂದಿನ ನಕಾಶೆಯಲ್ಲಿ ಅಂಥ ಕೊಮ್ಯೂನೆಯೇ ಇಲ್ಲ. ಇನ್ನೊಂದು ಗೊಂದಲ: ಒಂದೇ ಆಡಳಿತ ಕಡಲಚಾಚಿನ ಎರಡೂ ದಡಗಳಲ್ಲಿ ಹರಡಿಕೊಂಡಿತ್ತೇ?

ಹಳೆಕಡತ:
ಹೌದು, ಎರಡೂ ದಡಗಳಲ್ಲಿತ್ತು. ರಸ್ತೆಯ ನಕಾಶೆ ಮಡಚಿಟ್ಟು ದೋಣಿಯಲ್ಲಿ ಕುಳಿತವರಂತೆ ನೋಡಿ. 1837ರ ಕಾನೂನು ಸ್ಥಳೀಯ ಆಡಳಿತ ತಂದಾಗ ಹೊಸ ಗಡಿ ಎಳೆಯುವ ಗೋಜಿಗೆ ಹೋಗಲಿಲ್ಲ. ಬಹುಮಟ್ಟಿಗೆ ಪಾದ್ರಿಯ ವ್ಯಾಪ್ತಿಯೇ ಮರುವರ್ಷ ಕೊಮ್ಯೂನೆಯಾಯಿತು. ಆಗ ನೀರೇ ಹೆದ್ದಾರಿ. 1782ರ ಎಂಟು ಮೂಲೆಯ ನೋರ್ಡಾಲ್ ಚರ್ಚು ದಕ್ಷಿಣ ದಡದಲ್ಲಿದೆ. ಆಡಳಿತ ಕಚೇರಿ ಇದ್ದದ್ದು ಉತ್ತರ ದಡದ ವಾಲ್ಡಾಲ್ ಕಣಿವೆಯ ಸಿಲ್ಟೆಯಲ್ಲಿ. ಐಡ್ಸ್‌ಡಾಲ್ ಮತ್ತು ಲಿಂಗೆ ನಡುವೆ ಈಗಲೂ ವಾಹನಗಳು ಫೆರಿಯಲ್ಲೇ ದಾಟುತ್ತವೆ.

ಎರಡನೆಯ ಮಹಾಯುದ್ಧದ ನಂತರ ಶೇಯ್ ಸಮಿತಿ ಸಣ್ಣ ಕೊಮ್ಯೂನೆಗಳನ್ನು ಕೂಡಿಸಲು ಹೊರಟಿತು. ಏಳುನೂರಕ್ಕೂ ಮೇಲಿದ್ದವು 1967ರ ಹೊತ್ತಿಗೆ 454ಕ್ಕೆ ಇಳಿದವು. ನೋರ್ಡಾಲ್ ಅದರಿಂದ ಬಚಾವಾಯಿತು. ಮುಂದಿನ ಸುತ್ತಿನಲ್ಲಿ ಆಗಲಿಲ್ಲ: 2020ರ ಜನವರಿ 1ರಂದು ನೆರೆಯ ಸ್ಟೋರ್ಡಾಲ್ ಜೊತೆ ಸೇರಿ ‘ಫಿಯೋರ್ಡ್’ ಕೊಮ್ಯೂನೆಯಾಯಿತು. ಎರಡೂ ಸೇರಿದರೂ ಜನಸಂಖ್ಯೆ ಮೂರು ಸಾವಿರ ಮುಟ್ಟಲಿಲ್ಲ. ಇಷ್ಟಕ್ಕೆ ವಿಲೀನದ ಗಲಾಟೆ ಬೇಕಿತ್ತೇ ಎಂದು ನನಗೆ ಇಂದಿಗೂ ಅನಿಸುತ್ತದೆ.

ಅಂದಹಾಗೆ, ಆ ಅಜ್ಜಿ 1934ರಲ್ಲಿ ಊರಿನಲ್ಲೇ ಇದ್ದರೇ?

ನೀಲಿಮಸಿ:
ಇಲ್ಲ, ಮದುವೆಯಾಗಿ ಓಲೆಸುಂಡ್‌ಗೆ ಹೋಗಿದ್ದರಂತೆ. 1934ರಲ್ಲಿ ಏನಾಯಿತು?

ಹಳೆಕಡತ:
ಏಪ್ರಿಲ್ 7ರ ನಸುಕು, ಮೂರು ಗಂಟೆಯ ಸುಮಾರಿಗೆ, ಲಾಂಗ್‌ಹಮ್ಮರೆನ್ ಬೆಟ್ಟದ ಪಾರ್ಶ್ವ ಸುಮಾರು 700 ಮೀಟರ್ ಎತ್ತರದಿಂದ ಕಳಚಿ ನೀರಿಗೆ ಬಿತ್ತು. ಬಿದ್ದ ಜಾಗದ ಬಳಿ ಅಲೆ 62 ಮೀಟರ್ ಏರಿತು. ಟಾಫಿಯೋರ್ಡ್ ಮತ್ತು ಫಿಯೋರೊ ಎರಡೂ ಊರುಗಳಿಗೆ ನುಗ್ಗಿ 40 ಜನರನ್ನು ಬಲಿ ತೆಗೆದುಕೊಂಡಿತು. ದಡದ ದೋಣಿಮನೆ, ಮನೆ, ದನದ ಕೊಟ್ಟಿಗೆ ಎಲ್ಲ ಒಂದೇ ಏಟಿಗೆ ಹೋದವು. ಎರಡು ಹಳ್ಳಿಗಳೂ ನೋರ್ಡಾಲ್‌ಗೇ ಸೇರಿದ್ದವು. ಆ ಚಿಕ್ಕ ಕೊಮ್ಯೂನೆಗೆ 40 ಸಾವೆಂದರೆ ನಂಟಿನ ಎಳೆ ಕಡಿಯದ ಮನೆ ಹೆಚ್ಚು ಉಳಿದಿರಲಾರದು. ನೀವು ಹುಡುಕುವ ವಂಶವೃಕ್ಷದಲ್ಲಿ ಒಂದೇ ದಿನಾಂಕದ ಹಲವು ಮರಣಗಳು ಕಂಡರೆ ಬರೆದವರ ಕೈತಪ್ಪು ಎಂದುಕೊಳ್ಳಬೇಡಿ.

ಗಡಿಕಲ್ಲು:
ಹಳೆಕಡತ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹುಡುಕಾಟ ಸ್ಟೋರ್ಡಾಲ್ ಕಡೆಗೆ ತಿರುಗಿದರೆ, 1892ಕ್ಕಿಂತ ಮೊದಲು ಅದು ಸ್ಟ್ರಾಂಡಾ ಕೊಮ್ಯೂನೆಯ ಭಾಗವಾಗಿತ್ತು. ಹಳೆಯ ದಾಖಲೆ ಅಲ್ಲಿ ನೋಡಿ. ಹೆಸರಿನ ಬಗ್ಗೆಯೂ ಎಚ್ಚರ. ಕುಟುಂಬಕ್ಕೊಂದು ಸ್ಥಿರ ಹೆಸರು ಇರಬೇಕೆಂಬ ಕಾನೂನು ಬಂದದ್ದು 1923ರಲ್ಲಿ. ಅದಕ್ಕೂ ಮೊದಲು ತಂದೆಯ ಹೆಸರಿನ ಜೊತೆಗೆ ಜಮೀನಿನ ಹೆಸರು ಬರೆಯುತ್ತಿದ್ದರು. ಜಮೀನು ಬದಲಾದರೆ ಹೆಸರೂ ಬದಲು.

ನೀಲಿಮಸಿ:
ಅದಕ್ಕೇ ಅಣ್ಣತಮ್ಮಂದಿರಿಗೆ ಬೇರೆ ಬೇರೆ ಅಡ್ಡಹೆಸರು! ಹಾಗಾದರೆ 1920ರ ಗಣತಿಯಲ್ಲಿ ಯಾವುದನ್ನು ಹಾಕಿ ಹುಡುಕಲಿ?

ಹಳೆಕಡತ:
ಅಡ್ಡಹೆಸರು ಬಿಡಿ. ಕೊಮ್ಯೂನೆ ಎಂಬಲ್ಲಿ ಫಿಯೋರ್ಡ್ ಅಲ್ಲ, ನೋರ್ಡಾಲ್ ಎಂದು ಆರಿಸಿ, ಜಮೀನಿನ ಹೆಸರಿನಿಂದ ಮನೆ ಹಿಡಿಯಿರಿ. ಮನೆ ಸಿಕ್ಕರೆ ಅದರೊಳಗಿನವರೆಲ್ಲ ಒಂದೇ ಪುಟದಲ್ಲಿ ಸಿಗುತ್ತಾರೆ.